ಹಿತ್ತಲಿಗೆ ಒಂದು ರೂಮು ಸೇರಿಸಲು 7 ಲಕ್ಷ ಸಾಕಾಗುತ್ತಾ?

ಪ್ರಶ್ನೆ: ನಮ್ಮದು ಮೈಸೂರಿನಲ್ಲಿ 40×60 ಸೈಟು. 1996ರಲ್ಲಿ ಅಪ್ಪ ಕಟ್ಟಿಸಿದ ಒಂದೇ ಅಂತಸ್ತಿನ ಮನೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಆರ್‌ಸಿಸಿ ತಾರಸಿ. ಹಿಂದೆ 18 ಅಡಿ ಹಿತ್ತಲು ಖಾಲಿ ಇದೆ. ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ. ಅವರಿಗೆ ಅಂತ 12×14 ಅಡಿಯ ರೂಮು, ಅದಕ್ಕೆ ಸೇರಿದಂತೆ 5×8ರ ಬಾತ್‌ರೂಮು, ಅಡುಗೆಮನೆ ಹಿಂದೆ 5×10ರ ಯುಟಿಲಿಟಿ ಕಟ್ಟಿಸಬೇಕು. ಗೋಡೆ ಸೇರಿ ಸುಮಾರು 300 ಚದರಡಿ. ಮೇಸ್ತ್ರಿ ಸಾಮಾನು ಸಮೇತ ಚದರಡಿಗೆ 1,900 ಕೇಳಿದ್ದಾರೆ, ಅಂದರೆ 5.70 ಲಕ್ಷ. ನಮ್ಮ ಹತ್ತಿರ 7 ಲಕ್ಷ ಇದೆ. ಸಾಕಲ್ವಾ? ಮುಂದೆ ಮೇಲೊಂದು ರೂಮು ಬೇಕಾದರೆ ಅಂತ ಈಗಲೇ ಪಾಯ ಗಟ್ಟಿ ಮಾಡಿಸಬೇಕಾ?

ಉತ್ತರ: ಸಾಕಾಗುವುದಿಲ್ಲ. ಈಗ ನೀವು ಹೇಳಿರುವಷ್ಟು ಕೆಲಸಕ್ಕೆ ನನ್ನ ಲೆಕ್ಕ 9.5 ಲಕ್ಷದ ಹತ್ತಿರ ಬರುತ್ತದೆ. ಆದರೆ ಕೆಲವು ವಿಷಯಗಳನ್ನು ಬದಲಿಸಿಕೊಂಡರೆ, ಅಮ್ಮನ ರೂಮಿಗೆ ಏನೂ ಕಡಿಮೆ ಮಾಡದೆ, 8.5 ಲಕ್ಷದ ಒಳಗೆ ಮುಗಿಸಬಹುದು. ಅದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ಇಲ್ಲಿ ಹಾಕಿರುವ ದರಗಳು ನನ್ನ ಅಂದಾಜು. ನಿಮ್ಮ ಅಂಗಡಿಯ ದರ, ನಿಮ್ಮ ಬಡಾವಣೆಯ ಕೂಲಿ ಬೇರೆ ಇದ್ದರೆ ಆ ಅಂಕಿ ಹಾಕಿ ನೋಡಿ. ಲೆಕ್ಕದ ದಾರಿ ಮಾತ್ರ ಇದೇ.

ನಿಮ್ಮ ಮೇಸ್ತ್ರಿ ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. 1,900 ಅನ್ನುವುದು ಖಾಲಿ ಸೈಟಿನಲ್ಲಿ ಪೂರ್ತಿ ಮನೆ ಕಟ್ಟುವಾಗ ಬರುವ ದರ. ಅದನ್ನೇ ತಂದು 3 ಚದರದ (ಒಂದು ಚದರ ಅಂದರೆ 100 ಚದರಡಿ) ಕೆಲಸಕ್ಕೆ ಹಾಕಿದ್ದಾರೆ. ಸಣ್ಣ ಕೆಲಸದ ಲೆಕ್ಕ ಹಾಗೆ ನಡೆಯುವುದಿಲ್ಲ. 20×20 ಅಡಿಯ ಜಾಗದ ನೆಲ 400 ಚದರಡಿ, ಸುತ್ತಲಿನ ಗೋಡೆ 80 ಅಡಿ. 10×10ರ ರೂಮಿನ ನೆಲ 100 ಚದರಡಿ, ಗೋಡೆ 40 ಅಡಿ. ನೆಲ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿದರೂ ಗೋಡೆ ಅರ್ಧಕ್ಕಷ್ಟೇ ಇಳಿಯಿತು. ಗೋಡೆ ಅಂದರೆ ಪಾಯ, ಬ್ಲಾಕು, ಗಾರೆ, ಬಣ್ಣ ಎಲ್ಲವೂ ಅದರ ಹಿಂದೆ ಬರುತ್ತವೆ. ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟು, ಹಾಕುವ ದಿನದ ಮಿಕ್ಸರು, ಲಿಫ್ಟು, ಆಳುಗಳ ತಂಡ 3 ಚದರಕ್ಕೂ ಬೇಕು, 10 ಚದರಕ್ಕೂ ಬೇಕು. ಹೀಗಾಗಿ ಪೂರ್ತಿ ಮನೆಯ ದರಕ್ಕೆ ಒಪ್ಪಿಕೊಂಡವರು ಅರ್ಧ ದಾರಿಯಲ್ಲಿ 'ಇದು ಎಕ್ಸ್‌ಟ್ರಾ, ಅದು ಎಕ್ಸ್‌ಟ್ರಾ' ಅಂತ ಶುರು ಮಾಡುತ್ತಾರೆ. ಜಗಳ ಅಲ್ಲಿಂದಲೇ ಹುಟ್ಟುತ್ತದೆ.

ಇನ್ನೊಂದು ದೊಡ್ಡ ವಿಷಯ ಇದೆ. ಇರುವ ಮನೆಗೆ ಸೇರಿಸಿ ಕಟ್ಟುವಾಗ ಹೆಚ್ಚು ದುಡ್ಡು ತಿನ್ನುವುದು ಹೊಸ ರೂಮಲ್ಲ. ಹಳೆಯದು ಮತ್ತು ಹೊಸದು ಸೇರುವ ಜಾಗ, ಇದ್ದಲ್ಲಿಂದ ಎತ್ತಿ ಬೇರೆ ಕಡೆ ಇಡಬೇಕಾದ ಪೈಪು, ಛೇಂಬರು, ಕಿಟಕಿಗಳು. ಚದರಡಿ ದರದಲ್ಲಿ ಇವು ಯಾವುವೂ ಇರುವುದಿಲ್ಲ.

ಮೊದಲು ಪಾಯ ನೋಡಿ. 1996ರ ಇಟ್ಟಿಗೆ ಗೋಡೆಯ ಮನೆ ಅಂದರೆ ಹೆಚ್ಚಾಗಿ ಸೈಜುಗಲ್ಲಿನ ಪಾಯ ಇರುತ್ತದೆ. ಮೇಲೆ ಗೋಡೆ 9 ಇಂಚು ಇದ್ದರೂ ಕೆಳಗೆ ಪಾಯ ಎರಡೂವರೆ, ಮೂರು ಅಡಿ ಅಗಲ ಇರಬಹುದು. ಅಂದರೆ ಗೋಡೆಯಿಂದ ಒಂದಡಿ ನಿಮ್ಮ ಹಿತ್ತಲಿಗೇ ಚಾಚಿಕೊಂಡಿರುತ್ತದೆ. ಹೊಸ ಕಂಬದ ಗುಂಡಿ ಅದಕ್ಕೆ ತಗಲುತ್ತದೆ. ಆಗ ಕೆಲವರು ಹಳೆಯ ಪಾಯದ ಕಲ್ಲನ್ನೇ ಒಡೆದು ಜಾಗ ಮಾಡುತ್ತಾರೆ. ಇನ್ನು ಕೆಲವರು ಹಳೆ ಗೋಡೆಯಲ್ಲಿ ತೂತು ಕೊರೆದು ಹೊಸ ತಾರಸಿಯ ಕಂಬಿಯನ್ನು ಅದರೊಳಗೆ ತೂರಿಸುತ್ತಾರೆ. ಎರಡನ್ನೂ ಮಾಡಲು ಬಿಡಬೇಡಿ. ನಿಮ್ಮ ಹಳೆಯ ಮನೆ ಸುಮಾರು 30 ವರ್ಷದಲ್ಲಿ ಎಷ್ಟು ಕೂರಬೇಕೋ ಅಷ್ಟು ಕೂತಿದೆ. ಹೊಸದು ಇನ್ನು ಮೇಲೆ ಕೂರಬೇಕು. ಎರಡನ್ನೂ ಕಟ್ಟಿಹಾಕಿದರೆ ಬಿರುಕು ಬಂದೇ ಬರುತ್ತದೆ. ಹೊಸ ಕಂಬಗಳನ್ನು ಹಳೆ ಗೋಡೆಯಿಂದ ಒಂದೂವರೆ, ಎರಡು ಅಡಿ ಈಚೆ ನಿಲ್ಲಿಸಿ, ತೊಲೆಯನ್ನು ಗೋಡೆಯ ಕಡೆ ಮುಂದೆ ಚಾಚಿ, ನಡುವೆ ಒಂದು ಇಂಚು ಸಂದು ಬಿಡುವುದು ಸರಿಯಾದ ಕ್ರಮ. ಇದಕ್ಕೆ ಕಂಬಿ ಸ್ವಲ್ಪ ಜಾಸ್ತಿ ಹೋಗುತ್ತದೆ, ಇಂಜಿನಿಯರ್ ಹತ್ತಿರ ಒಂದು ನಕ್ಷೆ ಬರೆಸಬೇಕಾಗುತ್ತದೆ. ಆ ಫೀಸು ಉಳಿಸಲು ಹೋಗಬೇಡಿ. ಇನ್ನೊಂದು ಎಚ್ಚರಿಕೆ: ಹಳೆ ಗೋಡೆಯ ಉದ್ದಕ್ಕೂ ಒಂದೇ ದಿನ ಕಾಲುವೆ ತೋಡಿ ಇಡಬಾರದು. ಒಂದು ಗುಂಡಿ ತೋಡಿ, ಕಾಂಕ್ರೀಟ್ ಹಾಕಿ, ಆಮೇಲೆ ಪಕ್ಕದ್ದಕ್ಕೆ ಕೈ ಹಾಕಬೇಕು.

ಮೈಸೂರಿನಲ್ಲಿ ಹೆಚ್ಚಿನ ಕಡೆ ಕೆಂಪು ಮಣ್ಣು, ಕೆಳಗೆ ಗಟ್ಟಿ ಮೊರಂ. ನಿಮ್ಮಲ್ಲೂ ಅದೇ ಇದ್ದರೆ ಪಾಯದ ಖರ್ಚು ಹೆಚ್ಚು ಮೇಲೇರುವುದಿಲ್ಲ. ಧಾರವಾಡ, ಗದಗ, ವಿಜಯಪುರದ ಕಡೆಯ ಎರೆ ಮಣ್ಣಿನಲ್ಲಿ ಇದೇ ರೂಮು ಕಟ್ಟುವವರು ಪಾಯಕ್ಕೇ ಬೇರೆ ಲೆಕ್ಕ ಇಟ್ಟುಕೊಳ್ಳಬೇಕು. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ.

ಎರಡನೆಯದು ಬಾತ್‌ರೂಮಿನ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದು. ನಿಮ್ಮ ಪತ್ರದಲ್ಲಿ ಇದರ ಸುದ್ದಿಯೇ ಇಲ್ಲ. ಆದರೆ ಇಡೀ ಯೋಜನೆಯನ್ನು ತೀರ್ಮಾನಿಸುವುದು ಇದೇ ಇರಬಹುದು. ಮೈಸೂರಿನ ಕೆಲವು ಹಳೆ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ (ಹಿಂಬದಿಯ ಓಣಿ) ಇದೆ. ಒಳಚರಂಡಿ ಅಲ್ಲೇ ಹೋಗಿದ್ದರೆ ನಿಮ್ಮ ಕೆಲಸ ಸುಲಭ. ಹೊಸ ಬಾತ್‌ರೂಮಿನಿಂದ ಹತ್ತಡಿಯಲ್ಲೇ ಲೈನು ಸಿಗುತ್ತದೆ. ಹಾಗಲ್ಲದೆ ಒಳಚರಂಡಿ ಮುಂದಿನ ರಸ್ತೆಯಲ್ಲಿದ್ದರೆ, ಕಮೋಡಿನ ಪೈಪು ಮನೆಯ ಪಕ್ಕದ ಓಣಿಯಲ್ಲಿ 50 ಅಡಿಯಾದರೂ ಮುಂದೆ ಬರಬೇಕು. ನಾಲ್ಕು ಇಂಚಿನ ಪೈಪಿಗೆ 60 ಅಡಿಗೆ ಒಂದು ಅಡಿ ವಾಟ ಇಟ್ಟುಕೊಳ್ಳುವುದು ಒಳ್ಳೆಯದು. ಅಂದರೆ 50 ಅಡಿಗೆ 10 ಇಂಚು ಇಳಿಯಬೇಕು. ಮುಂದಿನ ಛೇಂಬರಿನ ಮುಚ್ಚಳ ತೆಗೆದು, ಅದರ ತಳ ಎಷ್ಟು ಆಳದಲ್ಲಿದೆ ಅಂತ ಇವತ್ತೇ ಅಳತೆ ಮಾಡಿ. ಆಳ ಸಾಲದಿದ್ದರೆ ಬಾತ್‌ರೂಮನ್ನು ಹಿಂದಿನ ಮೂಲೆಯಿಂದ ಹಳೆಯ ಬಾತ್‌ರೂಮಿನ ಪಕ್ಕಕ್ಕೆ ತರಬೇಕಾಗುತ್ತದೆ. ನಕ್ಷೆ ಆಗುವ ಮುಂಚೆ ಇದು ಗೊತ್ತಾದರೆ ಖರ್ಚಿಲ್ಲ. ಪಾಯ ಹಾಕಿದ ಮೇಲೆ ಗೊತ್ತಾದರೆ ತುಂಬಾ ದುಬಾರಿ. ಮುಂದಕ್ಕೆ ಲೈನು ಎಳೆಯಬೇಕು ಅಂತಲೇ ಇಟ್ಟುಕೊಂಡು, ತಿರುವಿಗೊಂದು ಛೇಂಬರು, ಒಡೆದ ಸಿಮೆಂಟ್ ನೆಲ ಮತ್ತೆ ಮುಚ್ಚುವುದು ಎಲ್ಲ ಸೇರಿ 45 ಸಾವಿರ ಹಿಡಿದಿದ್ದೇನೆ.

ಮೂರನೆಯದು ನೆಲದ ಮಟ್ಟ. ಅಮ್ಮನ ಮಂಡಿ ದೃಷ್ಟಿಯಿಂದ ನನಗೆ ಇದು ಎಲ್ಲಕ್ಕಿಂತ ಮುಖ್ಯ. ಹಳೆ ಮನೆಯ ನೆಲ ಹಿತ್ತಲಿಗಿಂತ ಎರಡು ಅಡಿಯಾದರೂ ಎತ್ತರ ಇರುತ್ತದೆ. ಖರ್ಚು ಉಳಿಸಲು ಹೊಸ ರೂಮನ್ನು ಕೆಳಗೆ ಇಟ್ಟು ಎರಡು ಮೆಟ್ಟಿಲು ಕೊಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಯಾರಿಗಾಗಿ ರೂಮು ಕಟ್ಟುತ್ತಿದ್ದೀರೋ ಅವರೇ ದಿನಾ ಹತ್ತಿ ಇಳಿಯಬೇಕಾಗುತ್ತದೆ. 300 ಚದರಡಿಗೆ ಎರಡು ಅಡಿ ಅಂದರೆ 600 ಘನ ಅಡಿ ಮಣ್ಣು. ದಮ್ಮಸು ಮಾಡಿದಾಗ ಕುಗ್ಗುವುದರಿಂದ 750 ಘನ ಅಡಿ ತರಿಸಬೇಕು. ಅರ್ಧ ಅಡಿಗೊಂದು ಪದರ ಹಾಕಿ, ನೀರು ಬಿಟ್ಟು, ದಮ್ಮಸು ಹೊಡೆಸಿ. ಗೋಡೆ ಒಡೆದ ಚೂರುಗಳನ್ನೇ ಒಳಗೆ ತುಂಬಿ ಮೇಲೆ ಟೈಲ್ಸ್ ಹಾಕಿದರೆ ಒಂದೆರಡು ವರ್ಷದಲ್ಲಿ ನೆಲ ಕುಸಿಯುತ್ತದೆ. ಇದಕ್ಕೆ 20 ಸಾವಿರ. ಬಾತ್‌ರೂಮಿನ ಹೊಸ್ತಿಲೂ ಅಷ್ಟೇ, ಎರಡು ಇಂಚಿನ ಕಟ್ಟೆ ಬೇಡ. ಅರ್ಧ ಇಂಚು ತಗ್ಗು, ಮೂಲೆಗೆ ಸರಿಯಾದ ವಾಟ ಇದ್ದರೆ ನೀರು ರೂಮಿಗೆ ಬರುವುದಿಲ್ಲ. ಬಾಗಿಲು ಮೂರು ಅಡಿ ಇರಲಿ. ವಾಕರ್ ಹಿಡಿದು ಬರುವವರಿಗೆ ಎರಡೂವರೆ ಅಡಿ ಬಾಗಿಲು ಕಷ್ಟ.

ಬೆಳಕಿನ ವಿಷಯವನ್ನು ಎಲ್ಲರೂ ಮರೆಯುತ್ತಾರೆ. ಹಿತ್ತಲಿಗೆ ರೂಮು ಬಂದ ಕೂಡಲೇ ಹಳೆ ಮನೆಯ ಹಿಂದಿನ ಕಿಟಕಿಗಳು ಹೊರಗೆ ನೋಡುವ ಬದಲು ಹೊಸ ರೂಮಿನೊಳಗೆ ನೋಡುತ್ತವೆ. ಹಗಲಲ್ಲೇ ಲೈಟು ಹಾಕಬೇಕಾದ ಅಡುಗೆಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಿಮ್ಮಲ್ಲಿ ಯುಟಿಲಿಟಿಗೆ ಆರ್‌ಸಿಸಿ ಬೇಡ ಅಂತ ನಾನು ಹೇಳಲು ಇದೂ ಒಂದು ಕಾರಣ. ಆ ಜಾಗಕ್ಕೆ ಸೊಂಟದೆತ್ತರದ ಗೋಡೆ, ಮೇಲೆ ಗ್ರಿಲ್ಲು, ಶೀಟಿನ ಮಾಡು, ಅದರಲ್ಲಿ ಎರಡು ಪಾರದರ್ಶಕ ಶೀಟು ಹಾಕಿಸಿ. ಬಟ್ಟೆ ಒಗೆಯಲು, ಪಾತ್ರೆ ತೊಳೆಯಲು ಅಷ್ಟು ಸಾಕು. ಅಡುಗೆಮನೆಯ ಗಾಳಿ ಬೆಳಕು ಉಳಿಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಮೇಸ್ತ್ರಿಯ 5.70 ಲಕ್ಷವನ್ನು ಹಾಗೇ ಇಟ್ಟುಕೊಳ್ಳಿ. ಒಗೆಯುವ ಕಲ್ಲು ತೆಗೆಯುವುದು, ಹಳೆ ಗೋಡೆಯಲ್ಲಿ ಕಿಟಕಿ ಇದ್ದ ಕಡೆ ಬಾಗಿಲು ಮಾಡುವುದು, ಬಾಗಿಲ ಮೇಲೆ ಲಿಂಟಲ್ (ಸಣ್ಣ ಕಾಂಕ್ರೀಟ್ ತೊಲೆ) ಕೊಡುವುದು, ಒಡೆದದ್ದನ್ನು ಸಾಗಿಸುವುದಕ್ಕೆ 25 ಸಾವಿರ. ಚರಂಡಿ ಲೈನಿಗೆ 45, ಮಣ್ಣಿಗೆ 20. ಎರಡು ತಾರಸಿ ಸೇರುವ ಸಂದಿಗೆ ವಾಟರ್‌ಪ್ರೂಫಿಂಗ್, ಮಳೆನೀರಿನ ಪೈಪು ಬದಲಿಸಲು 20. ಬಾತ್‌ರೂಮಿಗೆ ಜಾರದ ಟೈಲ್ಸ್, ಎತ್ತರದ ಕಮೋಡು, ಹಿಡಿದುಕೊಳ್ಳುವ ಸ್ಟೀಲ್ ರಾಡುಗಳು, ಗೀಸರು, ಒಳ್ಳೆಯ ನಲ್ಲಿಗಳಿಗೆ 50. ಹೊಸ ವೈರಿಂಗನ್ನು ಹಳೆ ಬೋರ್ಡಿಗೆ ಸುಮ್ನೆ ಸಿಕ್ಕಿಸದೆ ಪ್ರತ್ಯೇಕ ಡಿಬಿ (ಕರೆಂಟು ಹಂಚುವ ಪೆಟ್ಟಿಗೆ), ಅರ್ಥಿಂಗ್ ಮಾಡಿಸಲು 20. ನಕ್ಷೆ, ಲೈಸೆನ್ಸ್, ಇಂಜಿನಿಯರ್ ಫೀಸು 35. ಹಳೆ ಮನೆಯ ಒಡೆದ ಟೈಲ್ಸ್, ಗಾರೆ ತೇಪೆ, ಬಣ್ಣ 35. ಇವೆಲ್ಲ ಸೇರಿ 2.50 ಲಕ್ಷ. ಒಟ್ಟು 8.20 ಲಕ್ಷ ಆಯಿತು.

ಇದರ ಮೇಲೆ ನೂರಕ್ಕೆ 15 ಮೀಸಲು ಇಡಿ. ಹೊಸ ಮನೆಗಾದರೆ 7, 8 ಸಾಕು ಅನ್ನುತ್ತಿದ್ದೆ. ಹಳೆ ಮನೆಯಲ್ಲಿ ಗೋಡೆ ಒಡೆದಾಗ ಒಳಗೆ ಏನು ಸಿಗುತ್ತದೆ, ನೆಲ ಅಗೆದಾಗ ಯಾವ ಮರೆತ ಪೈಪು ಬರುತ್ತದೆ ಅಂತ ಹೇಳಲಾಗದು. 8.20ರ ನೂರಕ್ಕೆ 15 ಅಂದರೆ 1.23 ಲಕ್ಷ. ಹೀಗೆ 9.43 ಲಕ್ಷ.

ಇದನ್ನು ಎಲ್ಲಿ ಇಳಿಸುವುದು? ಸಾಮಾನ್ಯವಾಗಿ ಜನ ಮೊದಲು ಟೈಲ್ಸಿಗೆ ಕೈ ಹಾಕುತ್ತಾರೆ. ರೂಮು, ಬಾತ್‌ರೂಮಿನ ನೆಲ ಸೇರಿ 210 ಚದರಡಿ. ಚದರಡಿಗೆ 40 ರೂಪಾಯಿ ಕಡಿಮೆಯ ಟೈಲ್ಸ್ ತಂದರೂ ಉಳಿಯುವುದು 8,400. ರೂಮು ಚಿಕ್ಕದು ಮಾಡೋಣ ಅಂದರೆ, 12×14ನ್ನು 11×12 ಮಾಡಿದಾಗ 36 ಚದರಡಿ ಹೋಯಿತು. ಮೇಸ್ತ್ರಿ ದರದಲ್ಲಿ 68 ಸಾವಿರ ಉಳಿಯಬೇಕು. ಆದರೆ ಬಾಗಿಲು ಅಷ್ಟೇ, ಕಿಟಕಿ ಅಷ್ಟೇ, ಕಂಬ ಅಷ್ಟೇ, ವೈರಿಂಗ್ ಅಷ್ಟೇ. ನಿಜವಾಗಿ ಉಳಿಯುವುದು ಅದರ ಅರ್ಧ ಇದ್ದೀತು. ಅದಕ್ಕಾಗಿ ಮಂಚದ ಪಕ್ಕ ವಾಕರ್ ತಿರುಗುವ ಜಾಗ ಕಳೆದುಕೊಳ್ಳುತ್ತೀರಿ. ನಾನಾದರೆ ಮಾಡುವುದಿಲ್ಲ.

ದೊಡ್ಡ ಉಳಿತಾಯ ಇರುವುದು ಯುಟಿಲಿಟಿಯಲ್ಲಿ. ಗೋಡೆ ಸೇರಿ 60 ಚದರಡಿ, ಆರ್‌ಸಿಸಿಯಲ್ಲಿ 1.14 ಲಕ್ಷ. ಶೀಟಿನ ಮಾಡಿನಲ್ಲಿ 45 ಸಾವಿರಕ್ಕೆ ಆಗುತ್ತದೆ. ಹತ್ತಿರ ಹತ್ತಿರ 70 ಸಾವಿರ ಉಳಿಯಿತು. ಹಳೆ ಮನೆಯ ಬಣ್ಣವನ್ನು ಮುಂದಿನ ವರ್ಷಕ್ಕೆ ಹಾಕಿ, ತೇಪೆ ಕೆಲಸ ಮಾತ್ರ ಈಗ ಮಾಡಿಸಿದರೆ ಇನ್ನೊಂದು 25. ಈಗ ಮೊತ್ತ 7.25 ಲಕ್ಷ, ಮೀಸಲು ಸೇರಿ 8.34. ವಾರ್ಡ್‌ರೋಬ್, ಫಾಲ್ಸ್ ಸೀಲಿಂಗ್ ಇದರಲ್ಲಿ ಇಲ್ಲ, ಈಗ ಬೇಕಾಗಿಯೂ ಇಲ್ಲ. ಬೀರು ಇಟ್ಟುಕೊಳ್ಳಬಹುದು.

ಅಂದರೆ ನಿಮಗೆ ಇನ್ನೂ 1.35 ಲಕ್ಷ ಬೇಕು. ಕೆಲಸ ಶುರು ಮಾಡುವ ಮುಂಚೆ ಅದರ ದಾರಿ ನೋಡಿಕೊಳ್ಳಿ. ಮನೆ ವಿಸ್ತರಣೆಗೆ ಅಂತಲೇ ಬ್ಯಾಂಕುಗಳು ಸಾಲ ಕೊಡುತ್ತವೆ, ಬಡ್ಡಿ ಪರ್ಸನಲ್ ಲೋನಿಗಿಂತ ಕಡಿಮೆ. ಆದರೆ ಮಂಜೂರಾದ ನಕ್ಷೆ, ಇಂಜಿನಿಯರ್ ಎಸ್ಟಿಮೇಟ್ ಕೇಳುತ್ತಾರೆ, ಹಣವನ್ನು ಹಂತ ಹಂತವಾಗಿ ಬಿಡುತ್ತಾರೆ. ತಾರಸಿ ಮಟ್ಟಕ್ಕೆ ಬಂದು ಕೈ ಖಾಲಿಯಾದ ಮೇಲೆ ಬ್ಯಾಂಕಿಗೆ ಓಡಿದರೆ ಆ ಸಾಲ ಸಿಗುವಷ್ಟರಲ್ಲಿ ಆಳುಗಳು ಬೇರೆ ಕಡೆ ಹೋಗಿರುತ್ತಾರೆ. ಆಮೇಲೆ ದುಬಾರಿ ಬಡ್ಡಿಯ ಕೈಸಾಲವೇ ಗತಿ.

ಲೈಸೆನ್ಸ್ ಬಗ್ಗೆ ಒಂದು ಮಾತು. 'ಹಿಂದೆ ತಾನೇ, ಯಾರು ನೋಡುತ್ತಾರೆ' ಅನ್ನುವ ಮಾತನ್ನು ಕೇಳಬೇಡಿ. ಹಿಂದೆ 18 ಅಡಿ ಇದ್ದು, ರೂಮು ಗೋಡೆ ಸಮೇತ ಹನ್ನೆರಡೂವರೆ ಅಡಿ ತಿಂದರೆ ಐದು ಅಡಿ ಚಿಲ್ಲರೆ ಉಳಿಯುತ್ತದೆ. ನಿಮ್ಮ ಸೈಟಿನ ಅಳತೆಗೆ ಹಿಂದೆ ಎಷ್ಟು ಬಿಡಬೇಕು ಅಂತ ಪಾಲಿಕೆಯ ವಲಯ ಕಚೇರಿಯಲ್ಲಿ ಕೇಳಿ, ಅದನ್ನೇ ನಕ್ಷೆಯಲ್ಲಿ ತೋರಿಸಿ. ಕಡಿಮೆ ಬಿದ್ದರೆ ರೂಮಿನ ಆಳ ಕಡಿಮೆ ಮಾಡಿ ಉದ್ದ ಹೆಚ್ಚಿಸಬಹುದು. ಕೆಲಸ ಮುಗಿದ ಮೇಲೆ ಹೆಚ್ಚಾದ ಚದರಡಿಯನ್ನು ಆಸ್ತಿ ತೆರಿಗೆಯಲ್ಲಿ ಸೇರಿಸಿ. ಮುಂದೆ ಮನೆ ಪಾಲು ಮಾಡುವಾಗಲೋ ಮಾರುವಾಗಲೋ ಕಾಗದಕ್ಕೂ ಕಟ್ಟಡಕ್ಕೂ ತಾಳೆ ಬೀಳದಿದ್ದರೆ ತೊಂದರೆ ನಿಮಗೇ.

ಮೇಲಂತಸ್ತಿಗೆ ಪಾಯ ಗಟ್ಟಿ ಮಾಡುವ ಪ್ರಶ್ನೆ. ಹತ್ತು ವರ್ಷದೊಳಗೆ ಖಂಡಿತ ಕಟ್ಟುತ್ತೀರಿ, ಮೆಟ್ಟಿಲು ಎಲ್ಲಿ ಬರುತ್ತದೆ ಅಂತಲೂ ಗೊತ್ತಿದೆ ಅಂದರೆ ಮಾಡಿಸಿ. ಪಾಯವನ್ನು ಆಮೇಲೆ ಗಟ್ಟಿ ಮಾಡುವುದು ಬಹಳ ಕಷ್ಟ. 'ಇರಲಿ, ಯಾವತ್ತಾದರೂ ಬೇಕಾಗಬಹುದು' ಅನ್ನುವಷ್ಟೇ ಆದರೆ ಬೇಡ. ಈಗ ನಿಮ್ಮ ಕೈ ಬಿಗಿಯಾಗಿದೆ. ಆ ದುಡ್ಡು ವಾಟರ್‌ಪ್ರೂಫಿಂಗಿಗೆ, ಬಾತ್‌ರೂಮಿಗೆ ಹೋಗಲಿ. ಮಾಡಿಸಿದರೂ ಮುಂದಿನ ಕಂಬಕ್ಕೆ ಅಂತ ಬಿಟ್ಟ ಕಂಬಿಗಳನ್ನು ತಾರಸಿಯ ಮೇಲೆ ಬೆತ್ತಲೆ ಬಿಡಬೇಡಿ. ನಾಲ್ಕು ಮಳೆಗಾಲದಲ್ಲಿ ತುಕ್ಕು ಹಿಡಿದು, ಆ ತುಕ್ಕು ಕಂಬದೊಳಕ್ಕೂ ಇಳಿಯುತ್ತದೆ. ತೆಳು ಕಾಂಕ್ರೀಟಿನಿಂದ ಮುಚ್ಚಿಸಿ.

ಸಾಮಾನಿನ ಲೆಕ್ಕ ನೀವೇ ಸ್ವಲ್ಪ ನೋಡಿಕೊಳ್ಳಿ, ಕಷ್ಟವಿಲ್ಲ. ಯುಟಿಲಿಟಿ ಬಿಟ್ಟು 240 ಚದರಡಿಯ ತಾರಸಿ 5 ಇಂಚು ದಪ್ಪ ಅಂದರೆ 100 ಘನ ಅಡಿ ಕಾಂಕ್ರೀಟು, ಅಂದರೆ 2.8 ಘನ ಮೀಟರ್. ಎಂ20 ದರ್ಜೆಯ ಕಾಂಕ್ರೀಟಿಗೆ ಘನ ಮೀಟರಿಗೆ ಸುಮಾರು 8 ಮೂಟೆ. ತಾರಸಿಗೆ 23 ಮೂಟೆ ಸಿಮೆಂಟು, ತೊಲೆಗಳಿಗೆ ಬೇರೆ. ಅವತ್ತು ಮೂಟೆ ಎಣಿಸಿ. 12 ಮೀಟರ್ ಉದ್ದದ 12 ಎಂಎಂ ಕಂಬಿ ಒಂದಕ್ಕೆ 10.66 ಕಿಲೋ, 8 ಎಂಎಂಗೆ 4.74 ಕಿಲೋ ಬರಬೇಕು. ಸಂಖ್ಯೆಯಿಂದ ಗುಣಿಸಿ ಬಿಲ್ಲಿನ ತೂಕಕ್ಕೆ ಹೋಲಿಸಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಮೇಸ್ತ್ರಿಯ ಕೊಟೇಶನ್ ಅದಕ್ಕೂ ಹಳೆಯದಾಗಿದ್ದರೆ ಮತ್ತೊಮ್ಮೆ ದರ ಕೇಳಿ.

ಯಾವಾಗ ಶುರು ಮಾಡಬೇಕು ಅನ್ನುವುದೂ ಬಜೆಟ್ಟಿನ ಭಾಗವೇ. ಮೈಸೂರಿಗೆ ಮೇ ತಿಂಗಳಲ್ಲೂ ಮತ್ತೆ ಸೆಪ್ಟೆಂಬರ್, ಅಕ್ಟೋಬರಿನಲ್ಲೂ ಜೋರು ಮಳೆ. ದೀಪಾವಳಿ ಕಳೆದ ಕೂಡಲೇ ಗುದ್ದಲಿ ಪೂಜೆ ಮಾಡಿ. ಧನುರ್ಮಾಸದಲ್ಲಿ ಪೂಜೆ ಬೇಡ ಅಂತ ಮನೆಯ ಹಿರಿಯರು ಹೇಳುವುದರಿಂದ ಡಿಸೆಂಬರ್ ಮಧ್ಯದೊಳಗೆ ಪಾಯ ಎದ್ದಿರಲಿ. ಯುಗಾದಿಗೆ ಆಳುಗಳು ಊರಿಗೆ ಹೋಗುವ ಮುಂಚೆ ಗಾರೆ ಮುಗಿಸಿಕೊಳ್ಳಿ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಾದರೆ ತಾರಸಿಗೆ ಕನಿಷ್ಠ 10 ದಿನ ನೀರು ಕಟ್ಟಬೇಕು, ನಾನು 14 ದಿನ ಅನ್ನುತ್ತೇನೆ. ಸೆಂಟ್ರಿಂಗ್ ಬಾಡಿಗೆ ಉಳಿಯುತ್ತೆ ಅಂತ ತಾರಸಿಗೆ ಕೆಳಗಿಂದ ಕೊಟ್ಟ ಆಸರೆಯ ಕಂಬಗಳನ್ನು ಬೇಗ ಕಳಚಲು ಬಿಡಬೇಡಿ. ಮೋಲ್ಡ್ ದಿನದ ಊಟ, ಭಕ್ಷೀಸು ಕೊಡುವ ಪದ್ಧತಿ ಇದೆ, ಅದಕ್ಕೂ ಒಂದಿಷ್ಟು ಬದಿಗಿಡಿ. ಬಿಸಿಲಲ್ಲಿ ಬಾಣಲಿ ಹೊತ್ತವರಿಗೆ ಹೊಟ್ಟೆ ತುಂಬ ಊಟ ಹಾಕಬೇಕು.

ಕೊನೆಯದಾಗಿ ಹಣ ಕೊಡುವ ಕ್ರಮ. 1,900ರಲ್ಲಿ ಏನೇನು ಸೇರಿದೆ ಅಂತ ಬರೆಸಿಕೊಳ್ಳಿ: ಟೈಲ್ಸಿನ ದರ ಎಷ್ಟು, ಬಾಗಿಲು ಯಾವ ಮರ, ಕಿಟಕಿ ಗ್ರಿಲ್ಲು ಇದೆಯಾ, ಬಣ್ಣ ಎಷ್ಟು ಕೋಟು, ಕ್ಯೂರಿಂಗಿಗೆ ನೀರು ಯಾರದ್ದು. ಅಡ್ವಾನ್ಸ್ ನೂರಕ್ಕೆ 10ಕ್ಕಿಂತ ಜಾಸ್ತಿ ಬೇಡ. ಮುಂದಿನ ಕಂತುಗಳು ಪಾಯ, ಲಿಂಟಲ್, ತಾರಸಿ, ಗಾರೆ, ನೆಲ ಹೀಗೆ ಮುಗಿದ ಕೆಲಸಕ್ಕೆ ಮಾತ್ರ. ನೂರಕ್ಕೆ 5ರಷ್ಟು ಹಣವನ್ನು ಉಳಿಸಿಕೊಂಡು, ಮೇ ತಿಂಗಳ ಒಂದೆರಡು ಜೋರು ಮಳೆ ಕಳೆದ ಮೇಲೆ ಕೊಡುತ್ತೇನೆ ಅಂತ ಮೊದಲೇ ಮೇಸ್ತ್ರಿಗೆ ಹೇಳಿ, ಕರಾರಿನಲ್ಲೂ ಬರೆಯಿರಿ. ಎರಡು ತಾರಸಿ ಸೇರುವ ಸಂದಿ ಸೋರುತ್ತದೋ ಇಲ್ಲವೋ ಅನ್ನುವುದು ಆ ಮಳೆಯಲ್ಲೇ ಗೊತ್ತಾಗುವುದು. ಸೋರಿದರೆ ಅವರೇ ಬಂದು ಸರಿ ಮಾಡಿಕೊಡಬೇಕು, ಆಮೇಲೆ ಬಾಕಿ ಹಣ.